ತಮಟೆ ಮಂಜನಿಗೆ, ವಾಷಿಂಗ್ಟನ್ನಿನಿಂದ

ಮಂಜ,

ನಿನ್ನ ವಾಯ್ಸ್ ಮೆಸೇಜಿಗೆ ಉತ್ತರ ಕೊಡದೆ ಮೂರು ವಾರವಾಯಿತು. ಬೈದುಕೊಂಡಿರುತ್ತೀಯ. "ಅಲ್ಲಲೇ, ಅಮೆರಿಕಾಕ್ಕೆ ಹೋಗೋದ್ ಹೋದೆ, ಕರಿಯರ ಕಾಲೇಜಿಗೆ ಯಾಕ್ಲಾ ಸೇರ್ಕಂಡೆ?" ಅಂತ ಕೇಳಿ ಒಂದು ನಗು ನಕ್ಕಿದ್ದೀಯಲ್ಲ, ಆ ನಗುವಿಗೆ ಎರಡು ಸಾಲು ಸಾಲದು ಅಂತ ಸುಮ್ಮನಿದ್ದೆ. ನಿನ್ನೆ ಇಲ್ಲಿ ಹೋಂಕಮಿಂಗ್, ಅಂದರೆ ಹಳೆ ವಿದ್ಯಾರ್ಥಿಗಳೆಲ್ಲ ಸೇರುವ ಹಬ್ಬ, ಆಯಿತು. ಕಿವಿಯಲ್ಲಿ ಇನ್ನೂ ಡ್ರಮ್ಮು ಗುಂಯ್‌ಗುಡುತ್ತಿದೆ. ಅದು ಇಳಿಯುವ ಮೊದಲು ಬರೆದುಬಿಡುತ್ತೇನೆ.

ಮೊದಲು ನಿಜ ಹೇಳುತ್ತೇನೆ. ಹೊವಾರ್ಡ್‌ಗೆ ಸೇರಿದ್ದು ಸ್ಕಾಲರ್‌ಶಿಪ್ ಸಿಕ್ಕಿತು ಅಂತ, ಅಷ್ಟೇ. ಆದರ್ಶ ಗೀದರ್ಶ ಏನೂ ಇರಲಿಲ್ಲ. ಬೇರೆ ಕಡೆ ಸೀಟು ಕೊಟ್ಟರು, ದುಡ್ಡು ಕೊಡಲಿಲ್ಲ. ಈ ವಿಶ್ವವಿದ್ಯಾಲಯದ ಚರಿತ್ರೆ ಓದಿದ್ದೇ ವೀಸಾಕ್ಕೆಂದು ಚೆನ್ನೈಗೆ ಹೋಗುವಾಗ, ರೈಲಿನಲ್ಲಿ.

ಇಲ್ಲಿನ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಅದಕ್ಕೆ ಮುಂಚೆ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧ. ಎರಡೇ ವರ್ಷಕ್ಕೆ, 1867ರಲ್ಲಿ, ಹೊವಾರ್ಡ್ ಶುರುವಾಯಿತು. ಹೆಸರು ಆಲಿವರ್ ಓಟಿಸ್ ಹೊವಾರ್ಡ್ ಎಂಬ ಬಿಳಿಯ ಸೇನಾಧಿಕಾರಿಯದು. ಬಿಡುಗಡೆಯಾದ ಗುಲಾಮರಿಗಾಗಿ ಸರ್ಕಾರ ತೆರೆದ ಇಲಾಖೆಗೆ ಆತನೇ ಮುಖ್ಯಸ್ಥನಾಗಿದ್ದ. ಹೀಗೆ 1964ಕ್ಕೆ ಮುಂಚೆ ಕಪ್ಪು ಜನರ ಓದಿಗೆಂದೇ ಹುಟ್ಟಿದ ಕಾಲೇಜುಗಳು ಈ ದೇಶದಲ್ಲಿ ಈಗಲೂ ಸುಮಾರು 100 ಇವೆ. ಯಾರು ಬೇಕಾದರೂ ಸೇರಬಹುದು, ಅದಕ್ಕೇ ನಾನೂ ಇಲ್ಲಿದ್ದೀನಿ. ನೀನು ವಕೀಲರ ಕಥೆ ಇಷ್ಟಪಡುತ್ತೀಯಲ್ಲ, ಒಂದು ಕೇಳು. ಥರ್ಗುಡ್ ಮಾರ್ಷಲ್ ಅಂತ ಬಾಲ್ಟಿಮೋರಿನ ಹುಡುಗ. ತನ್ನದೇ ರಾಜ್ಯದ ಲಾ ಕಾಲೇಜು ಕಪ್ಪು ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ದಿನಾ ರೈಲು ಹತ್ತಿ ಇಲ್ಲಿಗೆ ಬಂದು ಓದಿ 1933ರಲ್ಲಿ ಪಾಸಾದ. ಮೂರು ವರ್ಷ ಕಳೆಯುವುದರೊಳಗೆ ಅದೇ ಲಾ ಕಾಲೇಜಿನ ಮೇಲೆ ಇನ್ನೊಬ್ಬ ಹುಡುಗನ ಪರವಾಗಿ ಕೇಸು ನಡೆಸಿ ಗೆದ್ದ. 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದ.

ಚರಿತ್ರೆ ಸಾಕು. ಮರದ ವಿಷಯ ಹೇಳಬೇಕು.

ಕ್ಯಾಂಪಸ್ಸಿನ ನಡುವಿನ ಹುಲ್ಲುಹಾಸಿಗೆ ಇಲ್ಲಿ 'ಯಾರ್ಡ್' ಅನ್ನುತ್ತಾರೆ. ಅಲ್ಲಿಂದ ತಲೆ ಎತ್ತಿದರೆ 1939ರ ಫೌಂಡರ್ಸ್ ಲೈಬ್ರರಿಯ ಗಡಿಯಾರದ ಗೋಪುರ. ಬಂದ ಮೊದಲ ವಾರ, ಬಿಸಿಲು ತಡೆಯದೆ ಒಂದು ಮರದ ಬುಡಕ್ಕೆ ಬ್ಯಾಗಿಟ್ಟು ಕೂರಲು ಹೋದೆ. ಒಬ್ಬ ಹುಡುಗ ಹತ್ತಿರ ಬಂದು ಮೆಲ್ಲಗೆ, "ಅದು ಬೇರೆಯವರ ಮರ, ಮುಟ್ಟಬಾರದು" ಅಂದ. ನನಗೆ ಎದೆ ಧಸಕ್ಕೆಂದಿತು. ನಮ್ಮೂರ ಅರಳಿಕಟ್ಟೆ ಕಣ್ಣಮುಂದೆ ಬಂತು. ಮುಖ ನೋಡಿ ಅವನಿಗೇ ಗಾಬರಿ. ಆಮೇಲೆ ಕೂರಿಸಿಕೊಂಡು ವಿವರಿಸಿದ. ಇಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ವಿದ್ಯಾರ್ಥಿ ಕೂಟಗಳಿವೆ. ದೇಶದ ಕಪ್ಪು ವಿದ್ಯಾರ್ಥಿಗಳ ಒಂಬತ್ತು ದೊಡ್ಡ ಕೂಟಗಳಲ್ಲಿ ಐದು ಹುಟ್ಟಿದ್ದು ಹೊವಾರ್ಡ್‌ನಲ್ಲೇ. ಒಂದೊಂದಕ್ಕೂ ಯಾರ್ಡಿನಲ್ಲಿ ಒಂದೊಂದು ಜಾಗ, ಮರ, ಬಣ್ಣ. ಹೆಣ್ಣುಮಕ್ಕಳ ಮೊದಲ ಕೂಟ ಆಲ್ಫಾ ಕಪ್ಪಾ ಆಲ್ಫಾ, 1908ರದು. ಚೆನ್ನೈ ಮೂಲದ ಶ್ಯಾಮಲಾ ಗೋಪಾಲನ್ ಅವರ ಮಗಳು ಕಮಲಾ ಹ್ಯಾರಿಸ್ ಇದರ ಸದಸ್ಯೆ, 1986ರಲ್ಲಿ ಇಲ್ಲೇ ಡಿಗ್ರಿ ಮುಗಿಸಿದವರು. ಇನ್ನೊಂದು, ಡೆಲ್ಟಾ ಸಿಗ್ಮಾ ಥೀಟಾ, 1913ರ ಜನವರಿಯಲ್ಲಿ ಹುಟ್ಟಿ ಮಾರ್ಚಿಯಲ್ಲೇ ಮಹಿಳೆಯರ ಮತದಾನದ ಹಕ್ಕಿಗಾಗಿ ಇದೇ ಊರಿನ ಬೀದಿಯಲ್ಲಿ ಮೆರವಣಿಗೆ ಹೊರಟಿತ್ತು.

ಆದರೂ ಕೂಟಕ್ಕೆ ಸೇರಿದವರು, ಸೇರದವರು ಅನ್ನುವುದು ನನಗೆ ಪೂರ್ತಿ ಒಗ್ಗಿಲ್ಲ. ಸೇರಿಸಿಕೊಳ್ಳುವ ಹೆಸರಲ್ಲಿ ಹೊಸಬರನ್ನು ಗೋಳುಹೊಯ್ದುಕೊಂಡ ಚರಿತ್ರೆ ದೇಶದುದ್ದಕ್ಕೂ ಇಂಥ ಕೂಟಗಳಿಗಿದೆ. ಹೊಗಳುವಷ್ಟೇ ಹೊಗಳುತ್ತೇನೆ.

ಆ ಹುಡುಗನಿಗೆ ನಮ್ಮ ಕಡೆಯ 'ಮುಟ್ಟಬಾರದು' ಏನು ಅಂತ ನಾನೂ ಹೇಳಿದೆ. ಅವನು ತಕ್ಷಣ ಮಾರ್ಟಿನ್ ಲೂಥರ್ ಕಿಂಗ್ ಹೆಸರೆತ್ತಿದ. 1926ರಲ್ಲಿ ಹೊವಾರ್ಡ್‌ಗೆ ಮೊದಲ ಕಪ್ಪು ಅಧ್ಯಕ್ಷರಾಗಿ ಬಂದವರು ಮೊರ್ಡೆಕೈ ಜಾನ್ಸನ್. ಇಂಡಿಯಾಕ್ಕೆ ಹೋಗಿಬಂದು ಗಾಂಧಿಯ ಬಗ್ಗೆ ಫಿಲಡೆಲ್ಫಿಯಾದಲ್ಲಿ ಅವರು ಮಾಡಿದ ಭಾಷಣ ಕೇಳಿಯೇ ಕಿಂಗ್ ಗಾಂಧಿ ಪುಸ್ತಕಗಳನ್ನು ಹುಡುಕಿಕೊಂಡು ಹೋದದ್ದು. ಮುಂದೆ 1959ರಲ್ಲಿ ಕಿಂಗ್ ಕೇರಳಕ್ಕೆ ಬಂದಾಗ, ನಮ್ಮಂಥ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರು "ಅಮೆರಿಕದಿಂದ ಬಂದಿರುವ ನಿಮ್ಮಂತೆಯೇ ಒಬ್ಬ ಅಸ್ಪೃಶ್ಯರು" ಎಂದು ಪರಿಚಯ ಮಾಡಿಕೊಟ್ಟರಂತೆ. ಒಂದು ಗಳಿಗೆ ಸಿಟ್ಟು ಬಂತು, ಆಮೇಲೆ ಹೌದಲ್ಲ ಅನ್ನಿಸಿತು ಅಂತ ಕಿಂಗ್ ಅವರೇ 1965ರಲ್ಲಿ ಹೇಳಿಕೊಂಡಿದ್ದಾರೆ. ಮರದಿಂದ ಶುರುವಾದ ಮಾತು, ನೋಡು ಎಲ್ಲಿಗೆ ಹೋಯಿತು. ಅಷ್ಟರಲ್ಲಿ ಕ್ಲಾಸು ತಪ್ಪಿತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಈ ಕೂಟದವರು ಮಾಡುವ 'ಸ್ಟೆಪ್' ನೀನು ನೋಡಬೇಕಿತ್ತು ಕಣೋ. ವಾದ್ಯ ಏನೂ ಇಲ್ಲ. ಹತ್ತು ಹನ್ನೆರಡು ಜನ ಸಾಲಾಗಿ ನಿಂತು ಬೂಟುಗಾಲಲ್ಲಿ ನೆಲಕ್ಕೆ ಒಂದು, ತೊಡೆಗೆ ಒಂದು, ಎತ್ತಿದ ಕಾಲಿನ ಕೆಳಗೆ ಒಂದು ಚಪ್ಪಾಳೆ, ಎದೆಗೆ ಒಂದು. ನಡುವೆ ಒಂದು ಕೂಗು. ಒಬ್ಬನ ಕೈ ಕೂದಲೆಳೆ ತಡವಾದರೂ ಗೊತ್ತಾಗಿಬಿಡುತ್ತದೆ. 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೋ ಎಂಬಲ್ಲಿ ಗುಲಾಮರು ಡ್ರಮ್ ಬಡಿಯುತ್ತಾ ದಂಗೆ ಎದ್ದಿದ್ದರು. ಮರುವರ್ಷವೇ ಅಲ್ಲಿ ಕಾನೂನು ಮಾಡಿ ಗುಲಾಮರು ಡ್ರಮ್ ಬಾರಿಸುವಂತಿಲ್ಲ ಅಂದರು. ಡ್ರಮ್ ಕಿತ್ತುಕೊಂಡ ಮೇಲೆ ಉಳಿದದ್ದು ಮೈ. ತೊಡೆ, ಅಂಗೈ, ಹಿಮ್ಮಡಿಯಲ್ಲೇ ತಾಳ ಹಾಕಿದರು. ಸ್ಟೆಪ್ಪಿನ ಒಂದು ಬೇರು ಅಲ್ಲಿಗೆ ಹೋಗುತ್ತದೆ ಅನ್ನುತ್ತಾರೆ.

ಅವರಿಗೆ ಬಾರಿಸಬೇಡಿ ಅಂದರು. ನಮಗೆ ನೀವೇ ಬಾರಿಸಬೇಕು ಅಂದರು, ಹೆಣಕ್ಕೆ, ಜಾತ್ರೆಗೆ, ಊರಿಗೆ ಸಾರಲು. ಯಾವುದು ಮೇಲು ಅಂತ ಲೈಬ್ರರಿ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ಹೊಳೆಯಲಿಲ್ಲ.

ನಿನ್ನೆಯ ಹೋಂಕಮಿಂಗ್ ಅಂದರೆ ನಮ್ಮ ಕಡೆ ಊರಹಬ್ಬಕ್ಕೆ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದ ಹಾಗೆ. ಹಳೆ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬರುತ್ತಾರೆ. ನೆಪಕ್ಕೆ ಒಂದು ಫುಟ್‌ಬಾಲ್ ಮ್ಯಾಚು. ಅರ್ಧ ಆಟ ಮುಗಿದು ಬ್ಯಾಂಡ್ ಮೈದಾನಕ್ಕೆ ಇಳಿದಾಗ ಜನ ನಿಜವಾಗಿ ಎದ್ದು ನಿಂತರು. ಯಾರೋ ಒಬ್ಬರು "ಹೆಚ್-ಯು!" ಅಂತ ಕೂಗಿದರೆ ಸುತ್ತ ಇದ್ದವರೆಲ್ಲ "ಯೂ ನೋ!" ಅನ್ನಬೇಕು, ಬಾಯಲ್ಲಿ ಕೋಳಿ ತುಂಡಿದ್ದರೂ ಸರಿ. ನನ್ನ ಪಕ್ಕ ಎಪ್ಪತ್ತು ದಾಟಿದ ಅಜ್ಜಿ ಒಬ್ಬರು, ಎದೆ ಮೇಲೆ ಕಾಲೇಜಿನ ಹೆಸರು, ಕೆಳಗೆ ತಾನು ಪಾಸಾದ ವರ್ಷ. ಹಿಂದೆ ಮಗಳು, ಅವಳದೂ ಅದೇ ಹೆಸರು. ಮೊಮ್ಮಗನ ಟೋಪಿ ಮೇಲೂ ಅದೇ.

ನಾವು ಪಿಯುಸಿ ಓದುವಾಗ ಹಾಸ್ಟೆಲಿಗೆ ಹೋಗುತ್ತಿದ್ದ ದಾರಿ ನೆನಪಿದೆಯಾ? ಬಸ್ ಇಳಿದು ನೇರ ಹೋಗದೆ ಸಂತೆ ಮೈದಾನ ಸುತ್ತಿ ಹಿಂದಿನ ಗೇಟಿಂದ ಒಳಗೆ. ಕ್ಲಾಸಿನವರು ಕೇಳಿದರೆ "ಚಿಕ್ಕಪ್ಪನ ಮನೇಲಿದ್ದೀವಿ". ಕಾಲೇಜ್ ಡೇಗೆ ಮೇಷ್ಟ್ರು ಯಾರಿಗಾದರೂ ತಮಟೆ ಬರುತ್ತದಾ ಅಂದಾಗ ನೀನು ತಲೆ ಬಗ್ಗಿಸಿ ಕೂತೆ. ಪಕ್ಕದಲ್ಲಿದ್ದ ನಾನೂ ಬಾಯಿ ಬಿಡಲಿಲ್ಲ. 2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗೆಂದೇ ಪದ್ಮಶ್ರೀ ಬಂದ ದಿನ ನೀನು ಫೋನ್ ಮಾಡಿ ಒಂದು ಮಾತೂ ಆಡದೆ ಬರೀ ಬಾರಿಸಿದೆಯಲ್ಲ, ನಿನ್ನೆ ಆ ಬ್ಯಾಂಡಿನ ನಡುವೆ ನನಗೆ ಕೇಳಿಸಿದ್ದು ಅದು.

ಮ್ಯಾಚ್ ಮುಗಿದ ಮೇಲೆ ಡ್ರಮ್ ಬಾರಿಸುವ ಹುಡುಗನೊಬ್ಬ ನಮ್ಮ ಕಡೆಯ ಪೆಟ್ಟು ತೋರಿಸು ಅಂದ. ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಮಾರಮ್ಮನ ಜಾತ್ರೆಯದು ಶುರು ಮಾಡಿದೆ. ನನ್ನ ಕೈ ನಿನಗೆ ಗೊತ್ತಲ್ಲ, ಮೂರನೇ ಸುತ್ತಿಗೇ ಎಡವಿದೆ. ಎಡಗೈಯಲ್ಲಿ ಆ ಉದ್ದನೆ ತೆಳು ಕಡ್ಡಿ ಇಲ್ಲದೆ ಅದು ಬರುವುದೂ ಇಲ್ಲ. ಅವನು ಎರಡೇ ಸಲ ಕೇಳಿ ನನಗಿಂತ ಚೆನ್ನಾಗಿ ಹಿಡಿದುಬಿಟ್ಟ, ನಾಚಿಕೆಯಾಯಿತು.

ಅದಕ್ಕೇ ಒಂದು ಕೆಲಸ ಮಾಡು. ನಿನ್ನ ತಂಡದವರ ಜೊತೆ ನಿಧಾನಕ್ಕೆ ಬಾರಿಸಿ ವಿಡಿಯೋ ಕಳಿಸು, ಕೈ ಕಾಣಬೇಕು. ಡಿಸೆಂಬರಿನಲ್ಲಿ ತುಮಕೂರಿನಿಂದ ಒಬ್ಬರು ಬರುತ್ತಿದ್ದಾರೆ, ಅವರ ಕೈಲಿ ಒಂದು ತಮಟೆಯನ್ನೂ ಕೊಟ್ಟು ಕಳಿಸು. ಚರ್ಮದ್ದು ಬೇಡ, ಇಲ್ಲಿ ಹಾಸ್ಟೆಲಿನಲ್ಲಿ ಕಾಯಿಸಲು ಬೆಂಕಿ ಹಚ್ಚಿದರೆ ಫೈರ್ ಇಂಜಿನ್ನೇ ಬಂದುಬಿಡುತ್ತದೆ. ನೀನು ದಿನಾ ಬೈಯುತ್ತೀಯಲ್ಲ, ಆ ಫೈಬರಿನದೇ ಇರಲಿ.

ನಿನ್ನ,
ಸಿದ್ದ