ಸೀಟಿನ ಸ್ವಿಚ್‌ಗೆ ತಂತಿ ಸುತ್ತಬೇಡಿ

ಮಾನ್ಯ ಸಂಪಾದಕರೇ,

ಮೈಸೂರಿನ ಮೈದಾನವೊಂದರಲ್ಲಿ 11 ವರ್ಷದಿಂದ, ಮೇಲೆ ಕೂತು ಓಡಿಸುವ ಡೀಸೆಲ್ ಹುಲ್ಲು ಕತ್ತರಿಸುವ ಯಂತ್ರ ನಡೆಸುತ್ತಿದ್ದೇನೆ. ಸೀಟಿನಡಿ ಒಂದು ಸ್ವಿಚ್ ಇರುತ್ತದೆ. ಓಡಿಸುವವನು ಎದ್ದರೆ ಬ್ಲೇಡ್ ನಿಲ್ಲಬೇಕು. ಸುಮ್ನೆ ಆಫ್ ಆಗುತ್ತೆ, ಕಿರಿಕಿರಿ ಅಂತ ಅದಕ್ಕೆ ತಂತಿ ಸುತ್ತಿಬಿಡುತ್ತಾರೆ. ಆಮೇಲೆ ಎದ್ದರೂ ಬ್ಲೇಡ್ ತಿರುಗುತ್ತಲೇ ಇರುತ್ತದೆ. ನಾನು ಮೊದಲಿದ್ದ ಕಡೆ ಹಾಗೇ ಮಾಡಿದ್ದರು. ಮಳೆಗಾಲ, ಒದ್ದೆ ಹುಲ್ಲು ಡೆಕ್ಕಿನೊಳಗೆ (ಬ್ಲೇಡಿನ ಮೇಲಿನ ಲೋಹದ ಮುಚ್ಚಳ) ಮುದ್ದೆ ಕಟ್ಟಿತ್ತು. ಜೊತೆಗಾರ ಇಳಿದು ಕೈ ಹಾಕಿದ. ಎರಡು ಬೆರಳು ಹೋದವು. ಅವನ ಕೈಗೆ ನನ್ನ ಟವೆಲ್ಲೇ ಸುತ್ತಿದ್ದೆ.

ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಳ್ಳಿ. ಬ್ಲೇಡ್ ಪೂರ್ತಿ ನಿಂತ ಮೇಲೆ ಕೋಲಿನಿಂದ ಕೆರೆಯಿರಿ. ರೇಡಿಯೇಟರ್ ಜಾಲರಿಯ ಹುಲ್ಲನ್ನೂ ದಿನಾ ತೆಗೆಯಿರಿ, ಇಲ್ಲದಿದ್ದರೆ ಎಂಜಿನ್ ಜಾಸ್ತಿ ಕಾಯುತ್ತದೆ.

ಕ್ಲಬ್, ಕಾಲೇಜು ನಡೆಸುವವರು ಇವತ್ತೇ ಆ ಸ್ವಿಚ್ ನೋಡಿಸಿ.

– ಒಬ್ಬ ಮೈದಾನ ಸಿಬ್ಬಂದಿ, ಮೈಸೂರು