ತಾವೋ ಪಂಥದ ಪುರಾಣಗಳನ್ನು ಸಿಪ್ಪೆಯೆಂದು ಎಸೆಯಬೇಡ

ಚಿ. ಸುಧನ್ವನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಚೀನಾದ ತಾವೋ ಪಂಥದ ಬಗ್ಗೆ ನೀನು ಕಳಿಸಿದ ಪ್ರಬಂಧದ ಕರಡನ್ನು ಓದಿದೆ. ಪಂಥದ ಮೂಲಪುರುಷನೆನಿಸಿದ ಲಾವೋತ್ಸುವಿನ ತತ್ತ್ವವೇ ತಿರುಳು, ಅಮರರು, ದೇವತೆಗಳು, ಸ್ವರ್ಗದ ಅಧಿಕಾರಿಗಳೆಲ್ಲ ಆಮೇಲೆ ಜನ ಸೇರಿಸಿದ ಸಿಪ್ಪೆ ಎಂದು ನೀನು ಬರೆದಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಲಾವೋತ್ಸುವಿನ ಹೆಸರಿನಲ್ಲಿರುವ 81 ಅಧ್ಯಾಯಗಳ ಆ ಪುಟ್ಟ ಗ್ರಂಥದಲ್ಲಿ ಒಬ್ಬ ವ್ಯಕ್ತಿಯ ಹೆಸರೂ, ಒಂದು ಊರಿನ ಹೆಸರೂ ಬರುವುದಿಲ್ಲವಾದ್ದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಅದೊಂದನ್ನೇ ಹಿಡಿದು ಇಡೀ ಪಂಥವನ್ನು ಅಳೆಯಹೊರಟರೆ, ಎರಡು ಸಾವಿರ ವರ್ಷಗಳ ಕಾಲ ಆ ದಾರಿಯಲ್ಲಿ ನಡೆದವರ ಬಾಳೇ ಕಣ್ಣಿಗೆ ಬೀಳದೆ ಹೋಗುತ್ತದೆ.

ಚುವಾಂಗ್‌ತ್ಸುವಿನ ಹೆಸರಿನಲ್ಲಿರುವ, ಪಂಥದ ಇನ್ನೊಂದು ಪ್ರಾಚೀನ ಗ್ರಂಥದ ಏಳನೆಯ ಅಧ್ಯಾಯದ ಕೊನೆಯನ್ನು ನಿಧಾನವಾಗಿ ಓದು. ದಕ್ಷಿಣ ಸಮುದ್ರದ ಅರಸ ಶು, ಉತ್ತರ ಸಮುದ್ರದ ಅರಸ ಹು, ಇವರಿಬ್ಬರೂ ನಡುನಾಡಿನ ಅರಸ ಹುನ್‌ದುನ್‌ನ ಬಳಿ ಆಗಾಗ ಕೂಡುತ್ತಾರೆ. ಅವನು ಅವರನ್ನು ಬಹು ಆದರದಿಂದ ಉಪಚರಿಸುತ್ತಾನೆ. ಋಣ ತೀರಿಸಬೇಕೆಂದು ಅವರಿಬ್ಬರೂ ಆಲೋಚಿಸಿ, ನೋಡಲು, ಕೇಳಲು, ಉಣ್ಣಲು, ಉಸಿರಾಡಲು ಎಲ್ಲರಿಗೂ ಏಳು ರಂಧ್ರಗಳಿರುವಾಗ ಇವನಿಗೊಬ್ಬನಿಗೆ ಒಂದೂ ಇಲ್ಲವಲ್ಲ ಎಂದು ಮರುಗಿ, ದಿನಕ್ಕೊಂದರಂತೆ ಕೊರೆಯತೊಡಗುತ್ತಾರೆ. ಏಳನೆಯ ದಿನ ಹುನ್‌ದುನ್ ಸಾಯುತ್ತಾನೆ. ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ, ವ್ಯಾಖ್ಯಾನವಿಲ್ಲ, ನೀತಿಯಿಲ್ಲ. ಸೃಷ್ಟಿಗೆ ಮುಂಚಿನ ಅವಿಭಕ್ತ ಸ್ಥಿತಿಯನ್ನು ಒಬ್ಬ ಅತಿಥಿವತ್ಸಲ ಅರಸನನ್ನಾಗಿ ಮಾಡಿ, ಒಳ್ಳೆಯ ಉದ್ದೇಶದ ಹಸ್ತಕ್ಷೇಪವೇ ಅವನನ್ನು ಕೊಲ್ಲುವಂತೆ ಮಾಡಿರುವ ಈ ಕಥೆಯನ್ನು ತೆಗೆದುಹಾಕಿದರೆ, ಉಳಿಯುವ ತತ್ತ್ವ ಯಾವುದೆಂದು ನೀನೇ ಹೇಳು. ಮುಂದೆ ಸಾಧಕರು ತಮ್ಮ ಧ್ಯಾನವನ್ನು ಆ ಮೊದಲ ಸ್ಥಿತಿಗೆ ಮರಳುವ ಯತ್ನವೆಂದು ತಿಳಿದದ್ದಕ್ಕೂ ಇಂಥ ಪುರಾಣಗಳೇ ನೆಲೆ.

ಕ್ರಿ.ಶ. 142ರಲ್ಲಿ ಸಿಚುವಾನ್ ಪ್ರಾಂತದ ಬೆಟ್ಟವೊಂದರಲ್ಲಿ ದೇವರೂಪಿಯಾದ ಲಾವೋತ್ಸು ಸಾಧಕನಾದ ಚಾಂಗ್ ತಾವೋಲಿಂಗ್‌ಗೆ ದರ್ಶನವಿತ್ತನೆಂಬುದು ಪಂಥದ ನಂಬಿಕೆ. ಆ ದರ್ಶನದ ಬಲದ ಮೇಲೆಯೇ ಒಂದು ಸಮುದಾಯ ಕಟ್ಟಿಕೊಂಡಿತು. ರಕ್ತಬಲಿಯನ್ನು ಅದು ತಿರಸ್ಕರಿಸಿತು. ರೋಗಿಯಾದವನು ಏಕಾಂತದಲ್ಲಿ ತನ್ನ ತಪ್ಪುಗಳನ್ನು ನೆನೆಯಬೇಕಿತ್ತು. ಅವನ ಹೆಸರಿನಲ್ಲಿ ಮೂರು ಅರಿಕೆಪತ್ರಗಳನ್ನು ಬರೆದು, ಒಂದನ್ನು ಆಕಾಶದ ಅಧಿಕಾರಿಗೆಂದು ಬೆಟ್ಟದ ಮೇಲಿಟ್ಟು, ಒಂದನ್ನು ಭೂಮಿಯ ಅಧಿಕಾರಿಗೆಂದು ನೆಲದಲ್ಲಿ ಹೂತು, ಮತ್ತೊಂದನ್ನು ಜಲದ ಅಧಿಕಾರಿಗೆಂದು ನೀರಿನಲ್ಲಿ ಮುಳುಗಿಸುತ್ತಿದ್ದರು. ಸ್ವರ್ಗವೂ ಒಂದು ಕಚೇರಿ, ಅಲ್ಲಿ ಪ್ರತಿಯೊಬ್ಬನ ಲೆಕ್ಕವೂ ಇದೆ ಎಂಬ ಪುರಾಣಕಲ್ಪನೆಯಿಲ್ಲದೆ ಈ ವಿಧಿಗೆ ಅರ್ಥವೇ ಇರುತ್ತಿರಲಿಲ್ಲ. ಬಲಿಯಿಂದ ಒಲಿಸಿಕೊಳ್ಳುವ ದೇವತೆಯ ಜಾಗದಲ್ಲಿ, ಸತ್ಯವನ್ನು ಬರೆದು ಒಪ್ಪಿಸಬೇಕಾದ ಅಧಿಕಾರಿಯನ್ನು ತಂದು ನಿಲ್ಲಿಸಿದ್ದು ದೊಡ್ಡ ನೈತಿಕ ಹೆಜ್ಜೆಯೆಂದೇ ನಾನು ನಂಬಿದ್ದೇನೆ.

ದೇಹವನ್ನೂ ಈ ಪುರಾಣ ಬಿಟ್ಟಿಲ್ಲ. ಹೃದಯ, ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ಒಂದೊಂದಕ್ಕೂ ಹೆಸರು, ಬಣ್ಣ, ಉಡುಪುಳ್ಳ ದೇವತೆಯಿದ್ದು, ಸಾಧಕನು ಕಣ್ಣುಮುಚ್ಚಿ ಅವರನ್ನು ಕಾಣಬೇಕು, ಅವರು ತಮ್ಮ ಸ್ಥಾನ ಬಿಟ್ಟು ಹೋಗದಂತೆ ನೋಡಿಕೊಳ್ಳಬೇಕು.

ಹಾಗೆಂದು ಎಲ್ಲ ಪುರಾಣವೂ ನಿರ್ದೋಷವೆಂದು ಬರೆಯಬೇಡ. ಲಾವೋತ್ಸು ಪಶ್ಚಿಮಕ್ಕೆ, ನಮ್ಮ ದೇಶಕ್ಕೇ ಬಂದು ಬುದ್ಧನಾದ ಅಥವಾ ಬುದ್ಧನಿಗೆ ಗುರುವಾದ ಎಂಬ ಕಥೆಯನ್ನು ಬೌದ್ಧರನ್ನು ಕೀಳುಗಳೆಯಲು ಬಳಸಿದರು. ವಾದ ಬೆಳೆದು, 1281ರಲ್ಲಿ ಚೀನಾವನ್ನು ಆಳುತ್ತಿದ್ದ ಮಂಗೋಲ ದೊರೆ ಕುಬ್ಲಾಯ್ ಖಾನನ ಆಜ್ಞೆಯಂತೆ ತಾವೋ ಗ್ರಂಥಗಳೇ ಬೆಂಕಿಗೆ ಬಿದ್ದವು. ಇದನ್ನು ಮುಚ್ಚಿಡದೆ ಹೇಳು.

ಕರಡಿನ ಎರಡನೆಯ ಭಾಗವನ್ನು ಹೊಸದಾಗಿ ಬರೆಯುವ ಮುನ್ನ ಶಾನ್ಶಿ ಪ್ರಾಂತದ ಯುಂಗ್‌ಲ ದೇಗುಲದ ಭಿತ್ತಿಚಿತ್ರಗಳನ್ನು ಹುಡುಕಿ ನೋಡು. 1325ರಲ್ಲಿ ಬರೆದ ಆ ಗೋಡೆಗಳ ಮೇಲೆ ದೇವತೆಗಳ ಇಡೀ ಪರಿವಾರವೇ ಪರಮದೇವರ ದರ್ಶನಕ್ಕೆ ಸಾಲುಗಟ್ಟಿ ನಡೆದಿದೆ. ಯಾರು ಯಾರ ಹಿಂದೆ ನಿಂತಿದ್ದಾರೆಂದು ಗಮನಿಸಿ, ಅದರ ಬಗ್ಗೆ ಒಂದು ಪುಟ ಬರೆದು ನನಗೆ ಕಳಿಸು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ