ಕೂರ್ಮಗಡ ಜಾತ್ರೆ: ಇಳಿತ ನೋಡಿ ಗುಡ್ಡ ಇಳಿಯಿರಿ

ಮಾನ್ಯರೇ,

ಪುಷ್ಯ ಹುಣ್ಣಿಮೆ ಹತ್ತಿರವಾದಂತೆ ಕೂರ್ಮಗಡದ ನರಸಿಂಹ ದೇವರ ಜಾತ್ರೆಯ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗುತ್ತದೆ. ದೋಣಿ ಎಲ್ಲಿಂದ ಹೊರಡುತ್ತದೆ, ಪೂಜೆ ಎಷ್ಟೊತ್ತಿಗೆ, ಬಂದೋಬಸ್ತ್ ಹೇಗೆ ಎಲ್ಲವೂ ಇರುತ್ತದೆ. ಆ ದಿನ ಉಬ್ಬರ ಎಷ್ಟು ಗಂಟೆಗೆ, ಇಳಿತ ಎಷ್ಟು ಗಂಟೆಗೆ ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಘಟ್ಟದ ಮೇಲಿನಿಂದ ಬರುವ ಭಕ್ತರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅದೇ.

ಕಾರವಾರದ ಎದುರಿನ ಈ ನಡುಗಡ್ಡೆಯ ಗುಡ್ಡ ದೊಡ್ಡದೇನಲ್ಲ. ನಿಧಾನವಾಗಿ ಹತ್ತಿದರೆ ವಯಸ್ಸಾದವರಿಗೂ ಸಾಧ್ಯ. ತೊಂದರೆ ಇರುವುದು ಗುಡ್ಡದ ಬುಡದಲ್ಲಿ. ದೊಡ್ಡ ದೋಣಿ ತಾಗಿ ನಿಲ್ಲುವಂಥ ಧಕ್ಕೆ ಅಲ್ಲಿಲ್ಲ. ಸಣ್ಣ ದೋಣಿಗೆ ದಾಟಿ, ಅಲ್ಲಿಂದ ಬಂಡೆಗೆ ಕಾಲಿಡಬೇಕು. ಹುಣ್ಣಿಮೆಯ ದಿನ ಇಲ್ಲಿ ನೀರು ತುಂಬುವುದು ಹೆಚ್ಚುಕಡಿಮೆ ಮಧ್ಯಾಹ್ನದ ಹೊತ್ತಿಗೆ, ತಗ್ಗುವುದು ಸಂಜೆ ಐದಾರು ಗಂಟೆಗೆ. ಅಂತರ ಒಂದು ಮೀಟರಿಗೂ ಹೆಚ್ಚು. ಬೆಳಿಗ್ಗೆ ಹತ್ತಕ್ಕೆ ಬಂದವರು ಒಣ ಬಂಡೆಯ ಮೇಲೆ ಸಲೀಸಾಗಿ ಇಳಿದಿರುತ್ತಾರೆ. ಅವರೇ ಸಂಜೆ ಮರಳುವಾಗ ಅದೇ ಜಾಗದಲ್ಲಿ ನೀರಿನಿಂದ ಮೇಲೆದ್ದ ಹಸಿರು ಪಾಚಿ, ಬಂಡೆಗೆ ಕಚ್ಚಿಕೊಂಡ ಚೂಪು ಚಿಪ್ಪುಗಳು. ಹವಾಯಿ ಚಪ್ಪಲಿ ಜಾರುತ್ತದೆ, ಬರಿಗಾಲು ಕೊಯ್ದುಕೊಳ್ಳುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ಲೇ ಸರಿ.

ದೋಣಿಯಿಂದ ಬಂಡೆಗೆ ಹಾರಬಾರದು. ಅಲೆ ದೋಣಿಯನ್ನು ಎತ್ತಿ, ಇನ್ನೇನು ಇಳಿಸಬೇಕು ಎನ್ನುವಾಗ ಅರೆಗಳಿಗೆ ದೋಣಿ ನಿಂತಂತಾಗುತ್ತದೆ. ಕಾಲು ಎತ್ತಿಡಬೇಕಾದದ್ದು ಆಗ. ದೋಣಿ ಕೆಳಗಿಳಿಯುತ್ತಿರುವಾಗ ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ದೋಣಿಯಲ್ಲಿ ಇಟ್ಟವರೇ ಬೀಳುವುದು. ದೋಣಿಗೂ ಬಂಡೆಗೂ ನಡುವೆ ಕಾಲು, ಕೈ ಯಾವುದೂ ಬೇಡ. ಚೀಲ, ಮಗು, ಬಾಳೆಗೊನೆ ಮೊದಲು ಕೈಬದಲಾಗಲಿ. ಜನ ಆಮೇಲೆ, ಎರಡೂ ಕೈ ಖಾಲಿ ಇಟ್ಟುಕೊಂಡು.

ಬಾಳೆಗೊನೆಯ ವಿಷಯ ಬಂತು. ದೇವರಿಗೆ ಹರಕೆಯ ಗೊನೆ ಒಪ್ಪಿಸುವುದು ಈ ಜಾತ್ರೆಯ ವಿಶೇಷ. ಹತ್ತು ಹನ್ನೆರಡು ಕಿಲೋದ ಗೊನೆಯನ್ನು ಒಂದೇ ಹೆಗಲ ಮೇಲಿಟ್ಟು ಏರು ಹತ್ತಿದರೆ ಮೈ ಒಂದು ಕಡೆಗೆ ವಾಲುತ್ತದೆ, ಹೆಜ್ಜೆ ಇಡುವ ಜಾಗ ಕಾಣುವುದಿಲ್ಲ. ದಿಂಡಿನ ಎರಡೂ ತುದಿಗೆ ಹಗ್ಗ ಕಟ್ಟಿ, ಗೋಣಿ ಸುತ್ತಿ ಬೆನ್ನಿಗೆ ಹಾಕಿಕೊಳ್ಳುವುದು ವಾಸಿ. ಅದೂ ಆಗದಿದ್ದರೆ ಚಿಕ್ಕ ಗೊನೆ ತರಲಿ, ದೇವರು ತೂಕ ನೋಡುವುದಿಲ್ಲ. ತಲಾ ಎರಡು ಲೀಟರ್ ಕುಡಿಯುವ ನೀರು ಮನೆಯಿಂದಲೇ ಇರಲಿ.

ಇನ್ನು ಮರಳುವ ಹೊತ್ತು. ಜನವರಿಯಲ್ಲಿ ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಏಳುತ್ತದೆ. ಅದೇ ಹೊತ್ತಿಗೆ ಇಳಿತದ ನೀರು ಕಾಳಿ ನದಿಯ ಅಳಿವೆಯಿಂದ ಹೊರಕ್ಕೆ ಓಡುತ್ತಿರುತ್ತದೆ. ಒಳಗೆ ಬರುವ ಅಲೆ ಈ ನೀರಿಗೆ ಎದುರಾದಾಗ ಒತ್ತೊತ್ತಾಗಿ, ನೆಟ್ಟಗೆ ಏಳುತ್ತದೆ. ತುಂಬಿದ ದೋಣಿಗೆ ಅಡ್ಡಲಾಗಿ ಇಂಥ ಎರಡು ಅಲೆ ಬಡಿದು, ಹೆದರಿದ ಜನ ಒಂದೇ ಬದಿಗೆ ಸರಿದರೆ ಮುಗಿಯಿತು. 2019ರ ಜನವರಿ 21ರಂದು ಇದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡದ್ದೂ ಮಧ್ಯಾಹ್ನದ ಮೇಲೆಯೇ.

ಅಂದಿನಿಂದ ಲೈಫ್ ಜಾಕೆಟ್ ಬಗ್ಗೆ ಮಾತು ಬಹಳ. ಆದರೆ ಗುಂಡಿ ಹಾಕದೆ ಹೆಗಲಿಗೆ ಇಳಿಬಿಟ್ಟ ಜಾಕೆಟ್ ನೀರಿಗೆ ಬಿದ್ದ ಕೂಡಲೇ ತಲೆಯ ಮೇಲಿಂದ ಕಳಚಿ ಹೋಗುತ್ತದೆ. ಎಲ್ಲ ಬಕಲ್ ಹಾಕಿ ಪಟ್ಟಿ ಬಿಗಿದ ಮೇಲೆ, ಇನ್ನೊಬ್ಬರು ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಲಿ. ಕಿವಿಯವರೆಗೆ ಬಂದರೆ ಸಡಿಲ ಎಂದೇ ಅರ್ಥ. ದೊಡ್ಡವರ ಜಾಕೆಟ್ ಮಕ್ಕಳಿಗೆ ಹಾಕಿದರೆ ಹಾಕದಂತೆಯೇ. ಅದರ ಮೇಲೆ ಕುಳಿತು ಪ್ರಯಾಣ ಮಾಡುವವರಿಗೆ ಏನು ಹೇಳುವುದು!

ಆಡಳಿತಕ್ಕೆ ನಮ್ಮ ವಿನಂತಿ ಇಷ್ಟು. ಬೈತಖೋಲ, ಕೋಡಿಬಾಗದಲ್ಲಿ ದೋಣಿ ಹತ್ತುವ ಕಡೆ ಆ ದಿನದ ಉಬ್ಬರ ಇಳಿತದ ಹೊತ್ತನ್ನು ದೊಡ್ಡ ಫಲಕದಲ್ಲಿ ಬರೆಯಿರಿ. ಜಾತ್ರೆ ಒಂದು ದಿನ ಆಚೀಚೆಯಾದರೆ ಹೊತ್ತು ಸುಮಾರು ಮುಕ್ಕಾಲು ಗಂಟೆ ಬದಲಾಗುತ್ತದೆ, ಹಾಗಾಗಿ ಹಳೆಯ ಫಲಕ ಬೇಡ. ಹೋಗುವಾಗಲೇ ಮರಳುವ ದೋಣಿಯ ಸಂಖ್ಯೆ, ಹೊತ್ತು ಬರೆದ ಚೀಟಿ ಕೊಡಿ. ಆಗ ಎಲ್ಲರೂ ಒಟ್ಟಿಗೆ ಗುಡ್ಡ ಇಳಿದು ಪಾಚಿ ಬಂಡೆಯ ಮೇಲೆ ನೂಕಾಡುವುದು ತಪ್ಪುತ್ತದೆ. ಮಧ್ಯಾಹ್ನ ಎರಡರ ನಂತರ ದಡದಿಂದ ಹೊಸಬರನ್ನು ಕಳಿಸಬೇಡಿ. ಆ ತಿಂಗಳು ಆರೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ, ತಡವಾಗಿ ಹೋದವರು ಕತ್ತಲಲ್ಲೇ ಬಂಡೆ ಇಳಿಯಬೇಕಾಗುತ್ತದೆ.

– ಬೈತಖೋಲದ ಕೆಲವು ಓದುಗರು, ಕಾರವಾರ